ಸಹಾಯ ಬೇಕು: ‘ಸುಖೋಯ್’ ಮತ್ತು ‘ಶುಷ್ಕ’ದ ನಂಟು

ಭಾಷಾಶಾಸ್ತ್ರ ಬಲ್ಲ ಮಿತ್ರರಿಗೆ ನಮಸ್ಕಾರ. ರಷ್ಯನ್ನಿನ ‘ಸುಖೋಯ್’, ಪೋಲಿಷ್‌ನ ‘ಸುಖಿ’, ಬಲ್ಗೇರಿಯನ್ನಿನ ‘ಸುಖ್’ ಇವೆಲ್ಲಕ್ಕೂ ‘ಒಣಗಿದ’ ಎಂದೇ ಅರ್ಥವಿದ್ದು (ನಮ್ಮ ವಾಯುಪಡೆಯ ವಿಮಾನದ ಹೆಸರೂ ವಿನ್ಯಾಸಕಾರರ ಇದೇ ಅರ್ಥದ ಮನೆತನದ ಹೆಸರೇ), ಇವುಗಳ ಮೂಲವಾಗಿ ಪ್ರಾಚೀನ ಸ್ಲಾವಿಕ್‌ನಲ್ಲಿ *ಸುಖು ಎಂಬ ಗುಣವಾಚಕವನ್ನು ವಿದ್ವಾಂಸರು ಪುನಾರಚಿಸಿದ್ದಾರೆ. ಇಲ್ಲಿನ ‘ಖ’ ನಮ್ಮ ಮಹಾಪ್ರಾಣವಲ್ಲ, ಗಂಟಲಿನಲ್ಲಿ ಉಜ್ಜಿ ಬರುವ ಧ್ವನಿ. ಉಕಾರದ ನಂತರದ ಮೂಲ ಸಕಾರವೇ ಹಾಗಾಗಿದೆ. ಅದೇ ಸನ್ನಿವೇಶದಲ್ಲಿ ಸಂಸ್ಕೃತದಲ್ಲಿ ‘ಷ’ ಬಂದು ‘ಶುಷ್ಕ’ವಾಯಿತು; ಹಳೆಯ ಇರಾನಿ ಭಾಷೆಯಾದ ಅವೆಸ್ತಾದ ‘ಹುಷ್ಕ’ವನ್ನು ನೋಡಿದರೆ (ಅಲ್ಲಿ ಮೂಲ ಸಕಾರ ಹಕಾರವಾಗುತ್ತದೆ) ‘ಶುಷ್ಕ’ದ ಮೊದಲಕ್ಷರ ಹಿಂದೆ ಸಕಾರವೇ ಆಗಿತ್ತೆಂದು ತಿಳಿಯುತ್ತದೆ.

ನನ್ನನ್ನು ಹೆಚ್ಚು ಸೆಳೆದದ್ದು ಸ್ವರಭೇದ, ಅಂದರೆ ಒಂದೇ ಧಾತುವಿನಲ್ಲಿ ಸ್ವರ ಬದಲಾಗುವುದು. ರಷ್ಯನ್ನಿನಲ್ಲಿ ‘ಸುಖೋಯ್’ ಎದುರಿಗೆ ‘ಒಣಗು’ ಎಂಬರ್ಥದ ‘ಸೋಖ್‌ನುತ್’ ಇರುವಂತೆ, ನಮ್ಮಲ್ಲಿ ‘ಶೋಷಣೆ’ (ಮೂಲಾರ್ಥ ‘ಒಣಗಿಸುವಿಕೆ’), ‘ಶುಷ್ಕ’ ಇವೆ. ಆದರೆ ರಷ್ಯನ್ ಸ್ವರಗಳು ಮೋಸಗೊಳಿಸುತ್ತವೆ: ‘ಸುಖೋಯ್’ನ ಉಕಾರವೇ ಹಳೆಯ ‘ಔ’, ಅಂದರೆ ‘ಶೋಷ’ದ ಜೊತೆಗಾರ.

ನನ್ನ ಪ್ರಶ್ನೆಗಳು ಎರಡು. ‘ಶುಷ್ಕ’ದ ಕೊನೆಯ ‘ಕ’ ಪ್ರತ್ಯಯ ಸ್ಲಾವಿಕ್‌ನಲ್ಲೇಕೆ ಇಲ್ಲ? ಲಿಥುವೇನಿಯನ್ನಿನ ‘ಸೌಸಸ್’ (ಇದಕ್ಕೂ ‘ಒಣಗಿದ’ ಎಂದೇ ಅರ್ಥ) ‘ಔ’ದ ಕೊನೆಯ ಉಕಾರದ ನಂತರವೂ ಸಕಾರವನ್ನು ಉಳಿಸಿಕೊಂಡದ್ದು ಹೇಗೆ? ತಿಳಿದವರು ದಯವಿಟ್ಟು ಉದಾಹರಣೆಗಳೊಂದಿಗೆ ವಿವರಿಸಬೇಕಾಗಿ ವಿನಂತಿ.