ಕ್ಯೂರಿಂಗ್ ವರ್ಕ್ಸ್‌ನ ಕಲರ್ ಸಾರ್ಟರ್ ಕೂಡ ಎಐ ಅಲ್ವಾ?

ಮೂಡಿಗೆರೆ ಹುಡುಗ:
ಮೊನ್ನೆ ಅಪ್ಪನ ಜೊತೆ ಹಾಸನದಲ್ಲಿ ಕಾಫಿ ಸಂಸ್ಕರಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿದ್ದೆ. ಕಲರ್ ಸಾರ್ಟರ್ ಓಡುತ್ತಿತ್ತು. ಕಾಫಿ ಬೀಜ ಜಾರಿ ಬೀಳುವಾಗ ಕಪ್ಪು ಬೀಜ ಕಂಡರೆ ಸಾಕು, ಫುಸ್ ಅಂತ ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತದೆ. "ಇದು ಎಷ್ಟೋ ವರ್ಷದಿಂದ ಇದೆ, ಈಗ ಯಾಕೆ ಎಲ್ಲರೂ ಎಐ ಎಐ ಅಂತ ಕುಣಿಯುತ್ತಾರೆ?" ಅಂದರು ಅಪ್ಪ. ನನಗೆ ಉತ್ತರ ಹೊಳೆಯಲಿಲ್ಲ. ಇದು ನಿಜಕ್ಕೂ ಶುರುವಾಗಿದ್ದು ಯಾವಾಗ, ಇಷ್ಟು ದಿನ ಎಲ್ಲಿತ್ತು?

ಹಳೇ ಮೇಷ್ಟ್ರು, ಹಾಸನ:
ಎಐ, ಅಂದರೆ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಅನ್ನೋ ಹೆಸರು ಬಂದಿದ್ದು 1955ರಲ್ಲಿ, ವಿಜ್ಞಾನಿ ಜಾನ್ ಮೆಕಾರ್ಥಿ ಮತ್ತು ಜೊತೆಗಾರರಿಂದ. ಮರುವರ್ಷ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನಲ್ಲಿ ಸೇರಿದರು. ಒಂದೇ ಬೇಸಿಗೆಯಲ್ಲಿ ದೊಡ್ಡದೇನೋ ಸಾಧಿಸಬಹುದು ಅಂದುಕೊಂಡಿದ್ದರು, ಪಾಪ!
ನಿಮ್ಮ ಸಾರ್ಟರ್ ಹಳೇದಾದರೆ, ಇಷ್ಟು ಕಪ್ಪಿದ್ದರೆ ಊದು ಅಂತ ಮನುಷ್ಯನೇ ಹೇಳಿಟ್ಟಿರುತ್ತಾನೆ. ಅದು ತಾನಾಗಿ ಏನೂ ಕಲಿಯುವುದಿಲ್ಲ. ಕಲಿಯುವ ಯಂತ್ರ ಅಂದರೆ ರೋಸೆನ್‌ಬ್ಲಾಟ್ ಅವರ ಪರ್ಸೆಪ್ಟ್ರಾನ್, 1958ರ ಸುಮಾರಿನದು. ಅದಕ್ಕೆ 400 ಫೋಟೋಸೆಲ್ಲುಗಳೇ ಕಣ್ಣು. ಉತ್ತರ ತಪ್ಪಾದರೆ, ರೇಡಿಯೋದ ವಾಲ್ಯೂಮ್ ಗುಂಡಿಯಂಥವನ್ನು ಮೋಟಾರುಗಳು ತಿರುಗಿಸಿ ಸರಿಮಾಡುತ್ತಿದ್ದವು. 1969ರಲ್ಲಿ ಮಿನ್‌ಸ್ಕಿ ಮತ್ತು ಪೇಪರ್ಟ್ ಅದರ ಮಿತಿ ಏನು ಅಂತ ಲೆಕ್ಕ ಹಾಕಿ ತೋರಿಸಿದ ಮೇಲೆ ಆ ಕಡೆ ದುಡ್ಡು ಹರಿಯೋದೂ ಕಮ್ಮಿಯಾಯಿತು.

ಸಕಲೇಶಪುರ ಘಾಟಿ:
ಮೇಷ್ಟ್ರೇ, 80ರ ದಶಕ ಬಿಟ್ಟಿರಿ. ಆಗ ತಜ್ಞರನ್ನು ಕೇಳಿ ಕೇಳಿ 'ಹೀಗಿದ್ದರೆ ಹಾಗೆ' ಅಂತ ಸಾವಿರಾರು ನಿಯಮ ಬರೆದರು. ನಮ್ಮ ತೋಟದ ಉಸ್ತುವಾರಿ ನೋಡುವ ರೈಟರ್, ಬೋರರ್ (ಕಾಂಡ ಕೊರೆಯುವ ಹುಳ) ಹಿಡಿದ ಅರೇಬಿಕಾ ಗಿಡವನ್ನು ದೂರದಿಂದಲೇ ತೋರಿಸುತ್ತಾರೆ. ಹೇಗೆ ಅಂತ ಕೇಳಿದರೆ ಎಲೆ ಹಳದಿ, ಕಾಂಡದ ಮೇಲೆ ಉಬ್ಬು ಅಂತಾರೆ. ಹಳದಿ ಎಲೆಯ ಗಿಡಕ್ಕೆಲ್ಲ ಬೋರರ್ ಇರಲ್ಲವಲ್ಲ ಅಂದರೆ, "ನೋಡಿದರೆ ಗೊತ್ತಾಗುತ್ತೆ ಸಾರ್". ಅದನ್ನು ನಿಯಮ ಮಾಡಿ ಬರೆಯೋದು ಹೇಗೆ? ನಿಯಮ ಬರೆಯುವವರು ಅಲ್ಲೇ ಸಿಕ್ಕಿಹಾಕಿಕೊಂಡರು.
ಮೇಷ್ಟ್ರು ಹೇಳಿದ ಪರ್ಸೆಪ್ಟ್ರಾನ್ ಥರದ್ದನ್ನು ಪದರ ಪದರವಾಗಿ ಜೋಡಿಸಿದ ಜಾಲಕ್ಕೆ ಕಲಿಸುವ ದಾರಿಯನ್ನು ಹಿಂಟನ್ ಮತ್ತು ಜೊತೆಯವರು 1986ರಲ್ಲೇ ತೋರಿಸಿದ್ದರು. ಆದರೆ ಎಲ್ಲರ ಕಣ್ಣು ತೆರೆಸಿದ್ದು 2012ರಲ್ಲಿ. ಇದು ನಾಯಿ, ಇದು ಬೆಕ್ಕು ಅಂತ ಜನರೇ ಹೆಸರು ಹಚ್ಚಿದ ಸುಮಾರು 12 ಲಕ್ಷ ಫೋಟೋ, ಗೇಮ್ ಆಡುವವರು ಹಾಕಿಸಿಕೊಳ್ಳುವ ಎರಡು ಗ್ರಾಫಿಕ್ಸ್ ಕಾರ್ಡ್, ಐದಾರು ದಿನದ ಓಟ. ಇಮೇಜ್‌ನೆಟ್ ಅನ್ನೋ ಫೋಟೋ ಗುರುತಿಸುವ ಸ್ಪರ್ಧೆಯಲ್ಲಿ ಎರಡನೇ ಸ್ಥಾನದವರ ತಪ್ಪು ಸುಮಾರು 26%, ಹಿಂಟನ್ ತಂಡದ್ದು 15%.

ಕಡೂರು ಜಂಕ್ಷನ್:
ಚಾಟ್‌ಜಿಪಿಟಿ ಯಾಕೆ ಬಿಟ್ಟಿರಿ? ಅದರ ಬೇರು, ಅಂಥದ್ದೇ ಜಾಲದ ಹೊಸ ವಿನ್ಯಾಸವಾದ 2017ರ ಟ್ರಾನ್ಸ್‌ಫಾರ್ಮರ್. ನಮ್ಮೂರಲ್ಲಿ ಮಳೆ ಬಂದರೆ ಸುಡುವುದಲ್ಲ, ಬೇರೆ.

ಮೂಡಿಗೆರೆ ಹುಡುಗ:
ಅಪ್ಪನಿಗೆ ಎಲ್ಲ ಓದಿ ಹೇಳಿದೆ. "ಬೋರರ್ ಗಿಡದ ಫೋಟೋ 12 ಲಕ್ಷ ಬೇಕಾದರೆ ನಮ್ಮ ಕೆಳಗಿನ ತೋಟಕ್ಕೇ ಬರಲಿ" ಅಂದರು.