ಪದಚರ್ಚೆ: ಚೋಕ್ ‘ಮುಚ್ಚುವುದೋ’, ‘ಹಾಕುವುದೋ’? ಪಂಪಿನ ಏರ್ ತೆಗೆಯುವುದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಸ್ನೇಹಿತರೊಬ್ಬರಿದ್ದಾರೆ. ಅವರ ಅಂಗಡಿಯ ಪೆಟ್ರೋಲ್ ಪ್ರೆಶರ್ ವಾಶರ್‌ಗೆ (ನೀರನ್ನು ಜೋರಾಗಿ ಚಿಮ್ಮಿಸಿ ತೊಳೆಯುವ ಯಂತ್ರ) ಒಂದು ಪುಟದ ಕನ್ನಡ ಸೂಚನೆ ಬರೆದುಕೊಡುತ್ತಿದ್ದೇನೆ. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಪಾಗಾರ ಎಂದರೆ ಕಾಂಪೌಂಡ್ ಗೋಡೆ, ಅಂಗಳ, ಮೆಟ್ಟಿಲು ಎಲ್ಲ ಕಡೆ ಪಾಚಿ. ಕಾಲಿಟ್ಟರೆ ಜಾರುತ್ತದೆ, ಅಲ್ವಾ? ಆಗ ಈ ಯಂತ್ರವನ್ನು ಒಯ್ಯುವವರಲ್ಲಿ ಹೆಚ್ಚಿನವರು ಅದನ್ನು ಮೊದಲ ಸಲ ಮುಟ್ಟುವವರು. ಓದಿದ ಕೂಡಲೇ ಕೈ ಸರಿಯಾದ ಕಡೆಗೆ ಹೋಗುವಂಥ ಮಾತು ಬೇಕು. ಕೆಲವು ಕಡೆ ನಿಮ್ಮ ಸಹಾಯ ಕೇಳುತ್ತಿದ್ದೇನೆ.

ಅಮೆರಿಕದ ಕೈಪಿಡಿಯಲ್ಲಿ ಇಂಧನಕ್ಕೆ ‘ಗ್ಯಾಸ್’ ಎಂದಿದೆ. ಅವರಿಗೆ ಅದು ಪೆಟ್ರೋಲ್. ಮಂಗಳೂರಿನಲ್ಲಿ ಗ್ಯಾಸ್ ಎಂದರೆ ಅಡುಗೆಮನೆಯ ಸಿಲಿಂಡರ್, ಇಲ್ಲವೇ ರಿಕ್ಷಾಕ್ಕೆ ಹಾಕಿಸುವುದು. ‘ಪೆಟ್ರೋಲ್’ ಎಂದೇ ಬರೆದೆ. ಅದರ ಮುಂದಿನ ಕ್ರಿಯಾಪದ ‘ತುಂಬಿಸಿ’ ಬೇಡ, ‘ಹಾಕಿ’ ಸಾಕು ಅನಿಸುತ್ತದೆ. ತುಂಬಿಸಿ ಎಂದರೆ ಜನ ಬಾಯಿಯ ತನಕ ಸುರಿಯುತ್ತಾರೆ. ಬಿಸಿಗೆ ಪೆಟ್ರೋಲ್ ಹಿಗ್ಗುವುದರಿಂದ ಟ್ಯಾಂಕಿನಲ್ಲಿ ಮೇಲೆ ಸ್ವಲ್ಪ ಜಾಗ ಬಿಡಲೇಬೇಕು. ತುಳುವಿನಲ್ಲೂ ‘ಪಾಡ್’ ಎನ್ನುವುದರಿಂದ ‘ಹಾಕಿ’ ಇಲ್ಲಿಯವರ ಕಿವಿಗೆ ಹತ್ತಿರ. ಎಂಜಿನ್ ನಿಲ್ಲಿಸಿ, ಅದು ತಣಿದ ಮೇಲೆಯೇ ಹಾಕಬೇಕು ಎಂಬುದನ್ನು ದಪ್ಪ ಅಕ್ಷರದಲ್ಲಿ ಕೊಟ್ಟಿದ್ದೇನೆ.

‘ಎಣ್ಣೆ’ ಎಂಬ ಪದವನ್ನು ಪೂರ್ತಿ ಬಿಟ್ಟೆ. ನಮ್ಮಲ್ಲಿ ಚಿಮಿಣಿ ಎಣ್ಣೆಯೂ ಎಣ್ಣೆಯೇ. ‘ಎಂಜಿನ್ ಆಯಿಲ್’ ಎಂದರೆ ಅನುಮಾನವಿಲ್ಲ. ಇಲ್ಲಿ ಇನ್ನೊಂದು ತೊಡಕಿದೆ. ತೋಟದವರಿಗೆ ಹುಲ್ಲು ಕತ್ತರಿಸುವ ಟೂ ಸ್ಟ್ರೋಕ್ ಯಂತ್ರದ ಅಭ್ಯಾಸ. ಅದಕ್ಕೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಈ ವಾಶರ್‌ನದ್ದು ಫೋರ್ ಸ್ಟ್ರೋಕ್ ಎಂಜಿನ್. ಆಯಿಲ್‌ಗೆ ಬೇರೆಯೇ ಬಾಯಿ ಇದೆ, ಮಟ್ಟವನ್ನು ಕಡ್ಡಿ ಅದ್ದಿ ನೋಡಬೇಕು. ಹಾಗಾಗಿ ‘ಪೆಟ್ರೋಲಿಗೆ ಆಯಿಲ್ ಬೆರೆಸಬೇಡಿ’ ಎಂದು ಪ್ರತ್ಯೇಕ ಸಾಲು ಸೇರಿಸಿದೆ.

ಈಗ ಚೋಕ್. ನಾನು ಜಾಸ್ತಿ ಯೋಚಿಸಿದ್ದು ಇದರ ಬಗ್ಗೆ. ತಣ್ಣಗಿರುವ ಎಂಜಿನ್‌ಗೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ ಹೋಗಬೇಕು. ಅದಕ್ಕೆ ಚೋಕ್, ಅಂದರೆ ಗಾಳಿಯ ದಾರಿಯಲ್ಲಿರುವ ತಟ್ಟೆಯನ್ನು ಮುಚ್ಚುತ್ತಾರೆ. ಕೈಪಿಡಿಯಲ್ಲಿ ‘ಚೋಕ್ ಮುಚ್ಚಿ’ ಎಂದಿರುವುದು ಇದಕ್ಕೇ. ಆದರೆ ನಮ್ಮವರು ಅದನ್ನು ‘ಚೋಕ್ ಬೇಡ’ ಎಂದು ಓದುತ್ತಾರೆ. ಬೈಕ್, ಸ್ಕೂಟರ್ ಇಟ್ಟುಕೊಂಡವರು ಹೇಳುವುದು ‘ಚೋಕ್ ಹಾಕು’, ‘ಚೋಕ್ ತೆಗೆ’. ಇದೇ ಒಳ್ಳೆಯದು ಎಂಬುದು ನನ್ನ ವಾದ. ‘ಬಾಗಿಲು ಹಾಕು’ ಎಂದರೆ ಮುಚ್ಚು, ‘ಬಾಗಿಲು ತೆಗೆ’ ಎಂದರೆ ತೆರೆ. ಚೋಕ್ ಹಾಕಿದಾಗ ಒಳಗಿನ ತಟ್ಟೆ ಮುಚ್ಚುತ್ತದೆ, ತೆಗೆದಾಗ ತೆರೆಯುತ್ತದೆ. ಕೈಗೂ ಯಂತ್ರಕ್ಕೂ ಒಂದೇ ಮಾತು ಹೊಂದುತ್ತದೆ! ಆದರೆ ಪೆಟ್ರೋಲ್ ಕಾಕ್‌ಗೆ (ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ಬಿಡುವ ತಿರುಪು) ಇದೇ ಜೋಡಿ ಬಳಸಿದರೆ ‘ಕಾಕ್ ತೆಗೆಯಿರಿ, ಚೋಕ್ ಹಾಕಿ, ಹಗ್ಗ ಎಳೆಯಿರಿ, ಎಂಜಿನ್ ಬಿಸಿಯಾದ ಹಾಗೆ ಚೋಕ್ ತೆಗೆಯಿರಿ’ ಎಂದಾಗುತ್ತದೆ. ಒಂದೇ ಸಾಲಿನಲ್ಲಿ ಎರಡು ‘ತೆಗೆ’ ಗೊಂದಲವೇ? ಕಾಕ್‌ಗೆ ಮಾತ್ರ ‘ಆನ್ ಮಾಡಿ’ ಅನ್ನೋಣವೇ?

ನಾಝಲ್‌ಗಳಿಗೆ, ಅಂದರೆ ಗನ್ನಿನ ತುದಿಗೆ ಸಿಕ್ಕಿಸುವ ಮೂತಿಗಳಿಗೆ, ಬಣ್ಣದ ಹೆಸರೇ ಸಾಕು. ಕೆಂಪು 0 ಡಿಗ್ರಿ, ನೀರು ಒಂದೇ ಗೆರೆಯಾಗಿ ಬರುತ್ತದೆ; ಬಿಳಿ 40 ಡಿಗ್ರಿ, ಅಗಲವಾಗಿ ಹರಡುತ್ತದೆ. ಮುರಕಲ್ಲಿಗೆ ಕೆಂಪು ಬೇಡವೇ ಬೇಡ, ಕಲ್ಲು ಕೊರೆದುಹೋಗುತ್ತದೆ.

ಕೊನೆಯದು ಪಂಪ್. ಎಂಜಿನ್ ಚಾಲೂ ಮಾಡುವ ಮೊದಲೇ ಪೈಪ್ ಜೋಡಿಸಿ, ನಳ್ಳಿ ತಿರುಗಿಸಿ, ಗನ್ನಿನ ಟ್ರಿಗರ್ ಒತ್ತಿ ಹಿಡಿಯಬೇಕು. ಮೊದಲು ನೀರು ಉಗುಳಿ ಉಗುಳಿ ಬರುತ್ತದೆ, ಆಮೇಲೆ ಒಂದೇ ಸಮನೆ. ಅಷ್ಟಾಗದೆ ಎಂಜಿನ್ ಓಡಿಸಿದರೆ ಪಂಪಿನ ಸೀಲ್‌ಗಳು ನೀರಿಲ್ಲದೆ ಬಿಸಿಯಾಗಿ ಹಾಳಾಗುತ್ತವೆ. ಈ ಕೆಲಸಕ್ಕೆ ಹೆಸರೇನು? ಬಾವಿಯ ಪಂಪಿಗೆ ‘ಏರ್ ಹಿಡಿದಿದೆ’, ‘ಏರ್ ತೆಗೆಯಬೇಕು’ ಎನ್ನುತ್ತೇವೆ. ಆದರೆ ಅಲ್ಲಿ ಬೋಲ್ಟು ಬಿಚ್ಚಿ ಮೇಲಿನಿಂದ ನೀರು ಹೊಯ್ಯುತ್ತೇವೆ. ‘ಏರ್ ತೆಗೆಯಿರಿ’ ಎಂದು ಓದಿದವರು ಇಲ್ಲೂ ಬಿಚ್ಚುವ ಬೋಲ್ಟು ಹುಡುಕಿಯಾರು. ‘ಗಾಳಿ ಬಿಡಿ’ ಎಂದರೆ ಟಯರ್ ನೆನಪಾಗುತ್ತದೆ. ನಾನು ಸದ್ಯಕ್ಕೆ ‘ನೀರು ಒಂದೇ ಸಮನೆ ಬರುವ ತನಕ ಟ್ರಿಗರ್ ಒತ್ತಿ ಹಿಡಿಯಿರಿ’ ಎಂದು ಬರೆದಿದ್ದೇನೆ. ಸೂಚನೆಗೆ ಇದು ಸರಿ, ಆದರೆ ತಲೆಬರಹಕ್ಕೆ ಉದ್ದವಾಯಿತು.

ಅಡಿಕೆಗೆ ಮದ್ದು ಬಿಡುವವರು, ಪಂಪ್ ರಿಪೇರಿಯವರು ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ಕೇಳಿ ನೋಡಿ. ಪುತ್ತೂರು, ಕುಂದಾಪುರ, ಕಾರ್ಕಳದ ಕಡೆ ಕೆಲಸ ಮಾಡುವಾಗ ಅವರು ಬಾಯಲ್ಲಿ ಏನು ಹೇಳುತ್ತಾರೋ ಅದನ್ನು ಹಾಗೆಯೇ ಬರೆದು ಕಳಿಸಿ. ತುಳು, ಕೊಂಕಣಿ, ಬ್ಯಾರಿ ಮಾತಾದರೂ ಸರಿ.