ಸಿಂಧೂ–ಜನ್ಸ್ಕಾರ್ ಸಂಗಮ: ಕಣ್ಣಿಗೆ ಎರಡು ಬಣ್ಣ, ಫೋಟೋದಲ್ಲಿ ಒಂದೇ ಬೂದು

ಬೈಕು_ಬ್ಯಾಗು:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯಲ್ಲಿ ಲಡಾಖ್‌ಗೆ ಹೋಗಿದ್ದೆವು. ನಿಮ್ಮು ಹತ್ತಿರ ಸಿಂಧೂ ನದಿಗೆ ಜನ್ಸ್ಕಾರ್ ಬಂದು ಸೇರುತ್ತದಲ್ಲ, ಹೆದ್ದಾರಿ ಪಕ್ಕದ ವ್ಯೂ ಪಾಯಿಂಟ್‌ನಿಂದ ಅದನ್ನು ತೆಗೆದಿದ್ದೇನೆ. ಅಲ್ಲಿ ನಿಂತಾಗ ಒಂದು ನೀರು ತಿಳಿ ಹಸಿರು, ಇನ್ನೊಂದು ಮಬ್ಬು ಅಂತ ಎದ್ದು ಕಾಣುತ್ತಿತ್ತು. ಫೋಟೋದಲ್ಲಿ ಎರಡೂ ಒಂದೇ. ಬೆಟ್ಟ ಚಪ್ಪಟೆಯಾಗಿದೆ. ಆಕಾಶ ಎಡ ಮೂಲೆಯಲ್ಲಿ ಕಡುನೀಲಿ, ಬಲ ಮೂಲೆಯಲ್ಲಿ ಬೆಳ್ಳಗೆ. ಫೋಟೋ ತಿದ್ದುವ ಲೈಟ್‌ರೂಮ್‌ನಲ್ಲಿ ಡಿಹೇಜ್ (ಮಂಜು ತೆಗೆಯುವ ಸ್ಲೈಡರ್), ಕ್ಲಾರಿಟಿ (ಉಬ್ಬುತಗ್ಗು ಎದ್ದು ಕಾಣಿಸುವ ಸ್ಲೈಡರ್) ಎರಡನ್ನೂ ಏರಿಸಿದರೆ ಬೆಟ್ಟದ ಅಂಚಿಗೆ ಬಿಳಿ ಗೆರೆ ಬರುತ್ತದೆ.

ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, ಅದರ ಜೊತೆಗೇ ಬಂದ 18–55 ಕಿಟ್ ಲೆನ್ಸ್. 18 ಎಂಎಂ, ಎಫ್/11, 1/60, ಐಎಸ್‌ಒ 100, ಹೊಳಪು ತಗ್ಗಿಸಿ ಆಕಾಶ ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಹಾಕಿದ್ದೆ. ಮಧ್ಯಾಹ್ನ ಮೂರು ಗಂಟೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಇದೆ. ಏನಾದರೂ ಉಳಿಸಬಹುದಾ?

ಕಲ್ಲುಬಂಡೆ:
ಉಳಿಸಬಹುದು. ಮೊದಲು ಡಿಹೇಜ್ ಸೊನ್ನೆಗೆ ತನ್ನಿ. ಲಡಾಖ್‌ನ ಒಣ ಗಾಳಿಯಲ್ಲಿ ತೆಗೆಯೋಕೆ ಮಂಜಾದರೂ ಎಲ್ಲಿದೆ? ಅದು ಚಾರ್ಮಾಡಿ ಘಾಟಿಯ ಫೋಟೋಗೆ ಸರಿ. ನಿಮ್ಮ ಬೆಟ್ಟ ಚಪ್ಪಟೆಯಾಗಿರುವುದು ಬೆಳಕಿನಿಂದ. ಆ ವ್ಯೂ ಪಾಯಿಂಟ್‌ನಲ್ಲಿ ನಿಂತರೆ ನಾವು ನೋಡುವುದು ದಕ್ಷಿಣಕ್ಕೆ, ಜನ್ಸ್ಕಾರ್ ಬರುವ ಕಣಿವೆ ಕಡೆಗೆ. ಮೂರು ಗಂಟೆಗೆ ಸೂರ್ಯ ನೈಋತ್ಯದಲ್ಲಿ ಇರುತ್ತಾನೆ. ಅಂದರೆ ನಮಗೆ ಕಾಣುವ ಇಳಿಜಾರಿನ ಬಹುಪಾಲು ನೆರಳಲ್ಲಿದೆ. ನೆರಳಲ್ಲಿ ಇಲ್ಲದ ಉಬ್ಬುತಗ್ಗನ್ನು ಸ್ಲೈಡರ್ ಎಲ್ಲಿಂದ ತರುತ್ತದೆ?

ಆಕಾಶದ ಕಥೆಯೂ ಅದೇ. ಸೂರ್ಯನಿಗೆ 90 ಡಿಗ್ರಿ ದೂರದ ಆಕಾಶದ ಮೇಲೆ ಪೋಲರೈಸರ್ ಅತಿ ಹೆಚ್ಚು ಕೆಲಸ ಮಾಡುತ್ತದೆ. 18 ಎಂಎಂನಲ್ಲಿ ನಿಮ್ಮ ಫ್ರೇಮ್ ಅಡ್ಡಕ್ಕೆ ಸುಮಾರು 66 ಡಿಗ್ರಿ ಅಗಲ. ಎಡ ಅಂಚು ಹೆಚ್ಚುಕಡಿಮೆ ಆ 90ಕ್ಕೆ ಬಿತ್ತು, ಬಲ ಅಂಚು ಸೂರ್ಯನ ಹತ್ತಿರ ಹೋಯಿತು. ಜೊತೆಗೆ ನೀವು ನಿಂತಿದ್ದು 3000 ಮೀಟರ್‌ಗಿಂತ ಎತ್ತರದಲ್ಲಿ. ಅಲ್ಲಿ ಫಿಲ್ಟರ್ ಇಲ್ಲದೆಯೇ ಆಕಾಶ ಕಡುನೀಲಿ.

ಅದಕ್ಕೇ ನನ್ನ ಸಲಹೆ: ಆಕಾಶ ಬಿಟ್ಟುಬಿಡಿ. ಈ ಫೋಟೋದಲ್ಲಿ ನೋಡುವಂಥದ್ದು ಎರಡು ನೀರು ತಾಗುವ ಗೆರೆ. ಈಗ ಅದು ಫ್ರೇಮಿನ ನಡುವೆ ಹೆಬ್ಬೆರಳಿನಷ್ಟು ಇದೆ. ಸುತ್ತ ಆಕಾಶ, ರಸ್ತೆ, ಯಾರದೋ ಟೋಪಿ. ಮೇಲಿನಿಂದ ಆಕಾಶ ಪೂರ್ತಿ ಕತ್ತರಿಸಿ, ಕೆಳಗಿನ ಕಬ್ಬಿಣದ ಕಂಬಿಯನ್ನೂ ತೆಗೆಯಿರಿ. ಎರಡು ನದಿಗಳ ನಡುವೆ ನೆಲ ಮೂತಿ ಚಾಚಿದೆಯಲ್ಲ, ಅದರ ತುದಿ ಕೆಳಗಿನಿಂದ ಮೂರನೇ ಒಂದು ಭಾಗಕ್ಕೆ ಬರಲಿ. ಸೇರಿದ ನೀರು ಬಲಕ್ಕೆ ಹರಿದು ಹೋಗುತ್ತದೆ, ಆ ಕಡೆ ಸ್ವಲ್ಪ ಜಾಗ ಇರಲಿ.

ಫಿಲ್ಟರ್_ಪುರಾಣ:
ಆಕಾಶ ಇಲ್ಲದ ಬೆಟ್ಟದ ಫೋಟೋ ಉಸಿರು ಕಟ್ಟಿದ ಹಾಗೆ ಆಗಲ್ವಾ? ಸ್ಕೈ ರಿಪ್ಲೇಸ್‌ಮೆಂಟ್ (ಬೇರೆ ಫೋಟೋದ ಆಕಾಶ ಅಂಟಿಸುವುದು) ಮಾಡಿದರೆ ಎರಡು ನಿಮಿಷದ ಕೆಲಸ.

ಕಲ್ಲುಬಂಡೆ:
ಮೋಡ ಬೇರೆ ಕಡೆಯ ಬೆಳಕಿನದು, ಬೆಟ್ಟ ಬೇರೆ ಕಡೆಯದು. ಅರ್ಧ ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಬೇಡ ಗುರು. ಮೇಲಿನ ತುದಿಯಲ್ಲಿ ಆಕಾಶದ ತೆಳು ಪಟ್ಟಿ ಉಳಿಸಿಕೊಳ್ಳಬೇಕೆಂದರೆ ಉಳಿಸಿಕೊಳ್ಳಲಿ, ಎಡ–ಬಲ ಸಮ ಮಾಡಲು ಒಂದು ಲೀನಿಯರ್ ಗ್ರೇಡಿಯಂಟ್ (ಒಂದು ಬದಿಯಿಂದ ಇನ್ನೊಂದಕ್ಕೆ ಕ್ರಮೇಣ ಕಡಿಮೆಯಾಗುವ ತಿದ್ದುಪಡಿ) ಸಾಕು.

ಬೈಕು_ಬ್ಯಾಗು ಅವರೇ, ಬಣ್ಣಕ್ಕೆ ಬರೋಣ. ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ (ಬಣ್ಣದ ಸಮತೋಲವನ್ನು ಕ್ಯಾಮೆರಾಗೇ ಬಿಟ್ಟು) ತೆಗೆದಿದ್ದೀರಿ ಅಲ್ವಾ? ಫ್ರೇಮ್ ತುಂಬ ಕಂದು ಮಣ್ಣು ಇದ್ದರೆ ಕ್ಯಾಮೆರಾ ಅದನ್ನು ಬೂದು ಮಾಡಲು ನೋಡುತ್ತದೆ. ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಅನ್ನು ಹಗಲ ಬಿಸಿಲಿಗೆ ಹೊಂದುವ 5300 ಕೆಲ್ವಿನ್‌ಗೆ ಇಟ್ಟು ನೋಡಿ. ಆಮೇಲೆ ಕಲರ್ ಮಿಕ್ಸರ್‌ನಲ್ಲಿ ಆಕ್ವಾದ (ಹಸಿರು ಮಿಶ್ರಿತ ನೀಲಿಯ) ಲ್ಯೂಮಿನೆನ್ಸ್, ಅಂದರೆ ಬೆಳಗು, ಇಳಿಸಿ, ಹಳದಿಯದು ಸ್ವಲ್ಪ ಏರಿಸಿ. ತಿಳಿ ನೀರು ಗಾಢವಾಗುತ್ತದೆ, ಮಬ್ಬು ನೀರು ತೆಳುವಾಗುತ್ತದೆ. ಸ್ಯಾಚುರೇಷನ್ (ಬಣ್ಣದ ತೀವ್ರತೆ) ಮುಟ್ಟಬೇಡಿ, ಮುಟ್ಟಿದರೆ ನದಿ ಪೆಯಿಂಟ್ ಡಬ್ಬಿ ಚೆಲ್ಲಿದಂತೆ ಕಾಣುತ್ತದೆ. ಕ್ಲಾರಿಟಿಯನ್ನು ಬ್ರಷ್ ಮಾಸ್ಕ್‌ನಲ್ಲಿ (ಬೇಕಾದ ಜಾಗಕ್ಕಷ್ಟೇ ಬಳಿದು) ಬೆಟ್ಟದ ಹೊಟ್ಟೆಗೆ ಮಾತ್ರ ಕೊಡಿ. ಅಂಚು ದಾಟದಿದ್ದರೆ ಬಿಳಿ ಗೆರೆ ಬರುವುದಿಲ್ಲ.

ಬೈಕು_ಬ್ಯಾಗು:
ಮಾಡಿದೆ ಸರ್, ಹೊಸದು ಹಾಕಿದ್ದೇನೆ. ಗೆರೆ ಈಗ ಸ್ಪಷ್ಟವಾಗಿ ಕಾಣುತ್ತಿದೆ! ಆದರೆ ಶ್ಯಾಡೋಸ್ (ನೆರಳಿನ ಭಾಗ) ಎತ್ತಿ ಬೆಳಗಿಸಿದ ಕಡೆ ಬಂಡೆಗಳೆಲ್ಲ ನೇರಳೆ–ನೀಲಿ. ಮತ್ತೆ ಪೋಲರೈಸರ್ ಹಾಕಿದ್ದರೂ ನೀರು ಯಾಕೆ ಬೆಳ್ಳಗೆ ಹೊಳೆಯುತ್ತಿದೆ?

ಕಲ್ಲುಬಂಡೆ:
ಚೆನ್ನಾಗಿ ಬಂದಿದೆ. ಬಲಗಡೆ ಇನ್ನೂ ಚೂರು ಕತ್ತರಿಸಬಹುದು. ಎತ್ತರದ ಜಾಗದಲ್ಲಿ ನೆರಳಿಗೆ ಬೆಳಕು ಕೊಡುವುದು ಆ ನೀಲಿ ಆಕಾಶವೇ, ಹಾಗಾಗಿ ನೀಲಿ ಬರುತ್ತದೆ. ಶ್ಯಾಡೋಸ್ ಅರ್ಧಕ್ಕೆ ಇಳಿಸಿ, ಆ ಮಾಸ್ಕ್‌ನಲ್ಲಿ ಟೆಂಪರೇಚರ್ ಸ್ವಲ್ಪ ಹಳದಿ ಕಡೆಗೆ ತಳ್ಳಿ. ಪೂರ್ತಿ ತೆಗೆದರೆ ಲಡಾಖ್ ಅನಿಸುವುದಿಲ್ಲ, ಇದು ನನ್ನ ರುಚಿ.

ನೀರಿನ ಹೊಳಪು: ನೀವು ಫಿಲ್ಟರ್ ತಿರುಗಿಸಿದ್ದು ಆಕಾಶ ನೋಡಿಕೊಂಡು. ನೀರಿಗೆ ಬೇಕಾದ ಕೋನ ಬೇರೆ ಇರಬಹುದು. ಸಂಗಮದ ಮೇಲೆ ಕಣ್ಣಿಟ್ಟು ನಿಧಾನಕ್ಕೆ ತಿರುಗಿಸಬೇಕು, ಹೊಳಪು ಸತ್ತು ತಳದ ಬಣ್ಣ ಕಂಡಲ್ಲಿ ನಿಲ್ಲಿಸಬೇಕು. ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಮೇಲಿನಿಂದ ನೋಡಿದಾಗ ಇದು ಅತಿ ಚೆನ್ನಾಗಿ ಆಗುತ್ತದೆ. ತೆಗೆದ ಮೇಲೆ ಕಂಪ್ಯೂಟರಿನಲ್ಲಿ ಇದು ಸಿಗಲ್ಲ.

ಊರುಬಿಟ್ಟವ:
ನಾನು ಮುಂದಿನ ವರ್ಷ ಹೋಗುವವನು. ಜುಲೈ ಸರಿನಾ? ಯಾವ ಹೊತ್ತಿಗೆ ನಿಲ್ಲಬೇಕು?

ಕಲ್ಲುಬಂಡೆ:
ಜುಲೈ–ಆಗಸ್ಟ್‌ನಲ್ಲಿ ಹಿಮ ಕರಗಿ ಮಣ್ಣು ಜಾಸ್ತಿ ಬರುತ್ತದೆ, ಗೆರೆ ಮಸುಕಾಗಬಹುದು. ಸೆಪ್ಟೆಂಬರ್ ಕೊನೆಯೇ ವಾಸಿ. ಆಗ ಸಂಜೆ ಐದರ ಸುಮಾರಿಗೆ ಬಿಸಿಲು ಬಲಗಡೆಯಿಂದ ಅಡ್ಡ ಬೀಳುತ್ತದೆ, ಬೆಟ್ಟದ ಮಡಿಕೆಗಳು ಒಂದೊಂದಾಗಿ ಕಾಣುತ್ತವೆ. ಕಣಿವೆ ಆಳ, ನೆರಳು ಬೇಗ ನೀರಿಗೆ ಇಳಿಯುತ್ತದೆ, ನಾಲ್ಕಕ್ಕೇ ಹೋಗಿ ಕೂತಿರಿ. ಕಿಟ್ ಲೆನ್ಸ್ ಆದರೆ 55 ಎಂಎಂ ಕಡೆಯಿಂದ ಶುರು ಮಾಡಿ. ಟ್ರೈಪಾಡ್ ಒಯ್ದರೆ ಚೀಲವನ್ನು ಅದಕ್ಕೇ ನೇತುಹಾಕಿ, ಅಲ್ಲಿ ಸಂಜೆ ಗಾಳಿ ಜೋರು.